ವಯಸ್ಸಿನ ಕಾಲಂನಲ್ಲಿ ಸೊನ್ನೆ

ಶನಿವಾರ ಬೆಳಿಗ್ಗೆ ನ್ಯಾಯಬೆಲೆ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸಿನ ಹೆಗಲ ಮೇಲಿಂದ ಒಂದು ಮಗು ನನ್ನನ್ನು ನೋಡಿ "ಮ್ಮಾ" ಎಂದಿತು. ನಾನು ಹಿಂದೆ ತಿರುಗಿ ನೋಡಿದೆ. ಅಲ್ಲಿ ಒಬ್ಬ ಮುದುಕರು ಎರಡು ಖಾಲಿ ಚೀಲ ಹಿಡಿದು ಆಕಳಿಸುತ್ತಿದ್ದರು, ಅಷ್ಟೆ. ಮಗು ಮತ್ತೆ "ಮ್ಮಾ" ಎಂದು ಎರಡು ಕೈಯನ್ನೂ ನನ್ನ ಕಡೆ ಚಾಚಿತು. ನನಗೆ ನಲವತ್ತಮೂರು ವರ್ಷ. ಮದುವೆಯಾಗಿಲ್ಲ. ಯಾವ ಮಗುವೂ ಇದುವರೆಗೆ ನನ್ನ ಹತ್ತಿರ ಬರಬೇಕೆಂದು ಹಟ ಮಾಡಿದ್ದಿಲ್ಲ.

"ಅಮ್ಮ ನಾನು ಕಣೋ, ಇಲ್ಲಿದೀನಿ ನೋಡೋ" ಎಂದು ಆ ಹೆಂಗಸು ಮಗುವಿನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮಗುವಿನ ಕಣ್ಣು ಅವಳ ಮುಖದ ಮೇಲೆ ನಿಲ್ಲಲಿಲ್ಲ. ಕಿಟಕಿಯಾಚೆ ನೋಡುವ ಹಾಗೆ ಅವಳನ್ನು ದಾಟಿ, ಅಂಗಡಿಯ ಬೋರ್ಡಿನ ಮೇಲೆ ಕುಳಿತಿದ್ದ ಕಾಗೆಯನ್ನು ನೋಡಿತು.  ತನ್ನನ್ನು ಎತ್ತಿಕೊಂಡವಳೇ ಆ ಮಗುವಿಗೆ ಕಾಣುತ್ತಿರಲಿಲ್ಲ.

ಅವಳು ನನ್ನತ್ತ ತಿರುಗಿ ಮೇಲಿಂದ ಕೆಳಗಿನವರೆಗೆ ನೋಡಿದಳು. "ನೀವು ಆ ಫಾರಂ ಅಕ್ಕ ಅಲ್ವಾ? ಫೋನಲ್ಲಿ ಬರ್ತೀರಲ್ಲ?"

ಹೌದೆಂದೆ. ಹಾಗೆನ್ನುವಾಗ ಅರೆಕ್ಷಣ ನನಗೆ ಹಿಗ್ಗಾಯಿತು ಎನ್ನುವುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅದಾದ ಮೇಲೆ ಹಿಗ್ಗಲಿಲ್ಲ.

ನಮ್ಮ ಊರಿನಲ್ಲಿ ಒಬ್ಬರ ಕಣ್ಣಿನಲ್ಲಿ ಇಷ್ಟೇ ಮುಖಕ್ಕೆ ಜಾಗ. ದೊಡ್ಡವರಿಗೆ ಏಳೆಂಟು ನೂರು ಮುಖ ಹಿಡಿಸುತ್ತವೆ. ಅದು ತುಂಬಿದ ಮೇಲೆ ಹೊಸದೊಂದು ಬಂದರೆ ಹಳೆಯದೊಂದು ಜಾರುತ್ತದೆ. ಜಾರಿದವರ ಮಾತು ಕೇಳುತ್ತದೆ, ಮೈ ತಾಕುತ್ತದೆ, ಆದರೆ ಅವರು ಕಾಣುವುದಿಲ್ಲ. ಫೋಟೋದಲ್ಲೂ ಕಾಣುವುದಿಲ್ಲ. ಇದಕ್ಕಾಗಿ ಯಾರೂ ತಲೆ ಕೆಡಿಸಿಕೊಂಡವರಲ್ಲ. ಬಸ್ಸಿನಲ್ಲಿ ಸೀಟು ಖಾಲಿ ಕಂಡರೂ "ಯಾರಾದ್ರೂ ಇದೀರಾ?" ಎಂದು ಕೇಳಿಯೇ ಕೂರುತ್ತೇವೆ. ನಮ್ಮ ಕಾರ್ಖಾನೆಯ ಮೇಸ್ತ್ರಿ ಎರಡು ವರ್ಷದಿಂದ ನನಗೆ ಕಾಣುವುದಿಲ್ಲ. ಅವರು ಕೆಮ್ಮುತ್ತಾರೆ, ನಾನು ನಮಸ್ಕಾರ ಹೇಳುತ್ತೇನೆ, ಕೆಲಸ ನಡೆಯುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಹಲ್ಲು ಎಷ್ಟೋ ಮುಖ ಅಷ್ಟು. ಒಂದು ಹಲ್ಲು ಬಂದರೆ ಇನ್ನೊಂದು ಮುಖಕ್ಕೆ ಜಾಗವಾಗುತ್ತದೆ. ಅದಕ್ಕೇ ಮೊದಲ ಹಲ್ಲು ಮೂಡಿದ ದಿನ ತಾಯಿಯನ್ನು ಮಗುವಿನ ಎದುರು ಕೂರಿಸಿ, ಉಳಿದವರೆಲ್ಲ ಹೊರಗೆ ಹೋಗುವುದು ನಮ್ಮಲ್ಲಿ ಪದ್ಧತಿ.

ನಾನು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಗೋದಾಮಿನ ಮೂಲೆಯಲ್ಲಿ ಕುಳಿತು ಪೊಟ್ಟಣ ತುಂಬುವವಳು ಎಷ್ಟು ಜನರ ಕಣ್ಣಿನಲ್ಲಿ ಉಳಿದಾಳು? ನಮ್ಮ ಬೀದಿಯಲ್ಲೇ ಅರ್ಧ ಜನಕ್ಕೆ ನಾನು ಕಾಣುತ್ತಿರಲಿಲ್ಲ. ಮೂವತ್ತನಾಲ್ಕರಲ್ಲಿ ಸಂಜೆ ಶಾಲೆಗೆ ಸೇರಿ, ಎರಡು ಸಲ ಗಣಿತದಲ್ಲಿ ಬಿದ್ದು, ಹತ್ತನೆಯ ತರಗತಿ ಮುಗಿಸಿದೆ. ಅಲ್ಲಿ ನನಗೆ ನಿಜವಾಗಿ ಬಂದ ವಿದ್ಯೆ ಒಂದೇ, ಅರ್ಜಿ ತುಂಬುವುದು. ಬಸವಲಿಂಗಪ್ಪ ಮೇಷ್ಟ್ರು ಅರ್ಜಿ ತುಂಬಿಸುವಾಗ, "ಖಾಲಿ ಬಿಟ್ಟ ಕಾಲಂ ಅಂದ್ರೆ ಬಾಯ್ಬಿಟ್ಟ ಜೇಬು, ಯಾರು ಬೇಕಾದ್ರೂ ಕೈ ಹಾಕ್ತಾರೆ. ಏನೂ ಇಲ್ಲದಿದ್ರೆ ಸೊನ್ನೆ ಹಾಕಿ" ಎನ್ನುತ್ತಿದ್ದರು. ಪಿಂಚಣಿ ಅರ್ಜಿ, ಪಡಿತರ ಚೀಟಿಯ ಅರ್ಜಿ, ಬ್ಯಾಂಕಿನ ಚಲನ್ ಎಲ್ಲವನ್ನೂ ತುಂಬುವ ಬಗೆಯನ್ನು ಫೋನಿನಲ್ಲಿ ವಿಡಿಯೋ ಮಾಡಿ ಹಾಕಲು ಶುರು ಮಾಡಿದೆ. ತಪ್ಪು ಹೇಳಿಬಿಟ್ಟೆನೋ ಎಂಬ ಹೆದರಿಕೆಯಿಂದ ಒಂದೊಂದನ್ನು ಎಂಟು ಸಲ ನೋಡಿ ಆಮೇಲೆ ಹಾಕುತ್ತಿದ್ದೆ. ಬಹುಶಃ ಅವುಗಳನ್ನು ಹೆಚ್ಚು ಸಲ ನೋಡಿದವಳು ನಾನೇ.

ನನ್ನ ಪಕ್ಕ ಕೂರುವ ಮೆಹರುನ್ನಿಸಾ ಒಂದು ದಿನ ಕಡ್ಡಿ ಎಣಿಸುತ್ತಲೇ ಹೇಳಿದಳು. "ಕಲಾವತಕ್ಕ, ನಿಮ್ ವಿಡಿಯೋನ ನಾನು, ನಮ್ಮಮ್ಮಿ, ನಮ್ ಮೇಕೆ, ಮೂರೇ ಜನ ನೋಡೋದು. ಅದ್ರಲ್ಲೂ ಮೇಕೆ ಅರ್ಧಕ್ಕೇ ಎದ್ದೋಗುತ್ತೆ."

"ಹೋಗ್ಲಿ ಬಿಡೇ. ಬೇಕಾದೋರು ಹುಡುಕ್ಕೊಂಡು ಬರ್ತಾರೆ."

"ಯಾರೂ ಬರಲ್ಲ. ದುಡ್ಡು ಕೊಟ್ಟು ಬೂಸ್ಟ್ ಮಾಡ್ಸಿ. ಬಳೆ ಅಂಗಡಿ ಸುಶೀಲಮ್ಮ ಮಾಡ್ಸಿದ್ಮೇಲೆ ರಸ್ತೇಲಿ ನಿಲ್ಸಿ ನಿಲ್ಸಿ ಮಾತಾಡಿಸ್ತಾರೆ. ನಿಮ್ಮನ್ನ ಮೊನ್ನೆ ಸೈಕಲ್ಲೋನು ಗುದ್ದೇ ಬಿಡ್ತಿದ್ದ."

ಬೂಸ್ಟ್ ಮಾಡಿಸಿ ಎಲ್ಲರ ಫೋನಿಗೂ ತಳ್ಳಿಸಿದ ಮುಖ ತನ್ನ ಸರದಿಗಾಗಿ ಕಾಯುವುದಿಲ್ಲ, ನುಗ್ಗುತ್ತದೆ. ಅದು ನನಗೆ ಗೊತ್ತಿತ್ತು. ಆದರೆ ಏಳುನೂರು ಮುಖವಿರುವ ಕಣ್ಣಿನಿಂದ ಯಾವಾಗಲೋ ಕಂಡಿದ್ದ ಒಬ್ಬ ಕಂಡಕ್ಟರ್ ಜಾರಿದರೆ ಯಾರಿಗೇನು ನಷ್ಟ ಎಂದುಕೊಂಡೆ. ಎರಡು ವಾರ ಯೋಚಿಸಿ, ಹಬ್ಬದ ಬೋನಸ್ ಬಂದ ಮೇಲೆ ಬಸ್‌ಸ್ಟ್ಯಾಂಡ್ ಬಳಿಯ ಶ್ರೀಕಂಠಯ್ಯನವರ ಅಂಗಡಿಗೆ ಹೋದೆ. ಮೊದಲು ಅದು ಫೋಟೋ ಸ್ಟುಡಿಯೋ ಆಗಿತ್ತು. ಈಗ ಅಲ್ಲಿ ಬೂಸ್ಟ್ ಮಾಡಿಕೊಡುತ್ತಾರೆ. ಅವರು ಒಂದು ಫಾರಂ ಕೊಟ್ಟರು. ಯಾವ ಯಾವ ಬೀದಿ, ಗಂಡಸರಿಗೋ ಹೆಂಗಸರಿಗೋ, ಎಷ್ಟು ದಿನ ಎಂಬ ಕಾಲಂಗಳೆಲ್ಲ ತುಂಬಿದವು. ಕೊನೆಗೆ "ಎಷ್ಟು ವಯಸ್ಸಿನಿಂದ" ಎಂದಿತ್ತು. ಎಲ್ಲರೂ ಅದನ್ನು ಖಾಲಿ ಬಿಡುತ್ತಾರಂತೆ. ಖಾಲಿ ಬಿಟ್ಟರೆ ಅಂಗಡಿಯವರೇ ಹದಿನೆಂಟು ಹಾಕಿಕೊಳ್ಳುತ್ತಾರಂತೆ. ನನಗೆ ಅದು ತಿಳಿದಿರಲಿಲ್ಲ. ಇಷ್ಟೇ ವಯಸ್ಸಿನವರು ನೋಡಲಿ ಎಂದು ನನಗೇನೂ ಇರಲಿಲ್ಲ. ಖಾಲಿ ಬಿಡುವುದಕ್ಕೂ ಕೈ ಬರಲಿಲ್ಲ. ಸೊನ್ನೆ ಹಾಕಿದೆ. ಶ್ರೀಕಂಠಯ್ಯನವರು ಒಂದು ಕೈಯಲ್ಲಿ ಟೀ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಸೀಲು ಒತ್ತಿದರು.

ಆಮೇಲೆ ಮೂರು ವಾರ ನನ್ನ ಜೀವನದಲ್ಲೇ ಕಾಣದ ದಿನಗಳು. ಹಾಲಿನವನು "ಅಕ್ಕ" ಎಂದು ಕರೆದ. ಬಸ್ಸಿನಲ್ಲಿ ಒಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು. ಹೋದಲ್ಲೆಲ್ಲ "ಫಾರಂ ಅಕ್ಕ, ಫಾರಂ ಅಕ್ಕ". ನಾಲ್ಕು ಸಾವಿರ ಜನ ನನ್ನ ಪೇಜ್ ಸೇರಿದ್ದರು. ಕನ್ನಡಿಯಲ್ಲಿ ನನ್ನ ಮುಖವನ್ನು ನಾನೇ ಹೊಸದಾಗಿ ನೋಡಿಕೊಂಡೆ. ಆ ಮೇಲೆ ಬಂದದ್ದು ಆ ಶನಿವಾರ.

ಆ ಹೆಂಗಸಿನ ಹೆಸರು ದಾಕ್ಷಾಯಿಣಿ. ಮಗು ಧನುಷ್, ಮೊನ್ನೆ ಮೊನ್ನೆ ವರ್ಷ ತುಂಬಿದೆ. "ರೇಷನ್ ಆಮೇಲೂ ಸಿಗುತ್ತಕ್ಕ, ಒಂದ್ನಿಮಿಷ ಮನೆಗೆ ಬನ್ನಿ" ಎಂದು ಅವಳು ನನ್ನ ಮೊಣಕೈ ಹಿಡಿದುಕೊಂಡೇ ಹೊರಟಳು. ಎರಡು ಕೋಣೆಯ ಮನೆ. ಅತ್ತೆ ಗೌರಮ್ಮ ರೊಟ್ಟಿ ತಟ್ಟುತ್ತಿದ್ದರು. ನನ್ನನ್ನು ಕಂಡೊಡನೆ ಅವರ ಕೈ ಹಾಗೇ ನಿಂತಿತು.

"ನೋಡಿ" ಎಂದಳು ದಾಕ್ಷಾಯಿಣಿ. ಮಗುವನ್ನು ಚಾಪೆಯ ಮೇಲೆ ಕೂರಿಸಿ, ಬಟ್ಟಲಿನಲ್ಲಿ ಅನ್ನ ಕಲಸಿ ಬಾಯಿಯ ಹತ್ತಿರ ಹಿಡಿದಳು. ಧನುಷ್ ಹಿಂದಕ್ಕೆ ಸರಿದು, ಮೂಲೆಗೆ ಬೆನ್ನು ಕೊಟ್ಟು, ಮೈ ಬಿಗಿದುಕೊಂಡು ಕಿರುಚಿದ. ಯಾರೂ ಹಿಡಿಯದ ಬಟ್ಟಲೊಂದು ಗಾಳಿಯಲ್ಲಿ ತನ್ನ ಮೇಲೆ ಬರುತ್ತಿರುವುದನ್ನು ಅವನು ನೋಡುತ್ತಿದ್ದ. 

"ಹನ್ನೊಂದು ದಿನ ಆಯ್ತು. ಎತ್ಕೊಂಡ್ರೆ ಯಾರು ಎತ್ಕೊಂಡ್ರೋ ಅಂತ ನಡುಗ್ತಾನೆ. ಬಾಗ್ಲು ಕಿಟಕಿ ಎಲ್ಲ ಹಾಕಿ ಕತ್ತಲೆ ಮಾಡಿದ್ರೆ ಮಾತ್ರ ಹಾಲು ಕುಡೀತಾನೆ. ಇವ್ನಿಗೆ ಇರೋದು ನಾಲ್ಕೇ ಹಲ್ಲು. ಅಪ್ಪ, ಅಜ್ಜಿ, ಪಕ್ಕದ್ಮನೆ ಸಿಂಚನ. ನಾಲ್ಕನೇದು ನಾನು ಆಗಿದ್ದೆ. ಈಗ ನೀವು."

"ನಾನ್ಯಾಕೆ? ಆ ವಿಡಿಯೋ ದೊಡ್ಡೋರಿಗೆ ತಾನೇ ಹೋಗೋದು?" ಎಂದೆ. ಹೇಳುತ್ತಿರುವಾಗಲೇ ಆ ಸೊನ್ನೆ ನೆನಪಾಯಿತು. ನನ್ನ ಕೈಯಲ್ಲೇ ಬರೆದ, ಅಂಚು ಕೂಡದೆ ಉಳಿಯಬಾರದೆಂದು ಎರಡು ಸಲ ತಿದ್ದಿದ, ದುಂಡನೆಯ ಸೊನ್ನೆ. 

ಉಳಿದದ್ದನ್ನು ಗೌರಮ್ಮನವರೇ ಹೇಳಿದರು, ಮುಖ ಎತ್ತದೆ. ದಾಕ್ಷಾಯಿಣಿ ಪಿತ್ತಕೋಶದ ಆಪರೇಷನ್‌ಗೆಂದು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಮಗು ಊಟಕ್ಕೆ ಹಟ ಮಾಡುತ್ತಿತ್ತು. ಫೋನು ಹಚ್ಚಿ ಎದುರಿಗೆ ಇಟ್ಟರೆ ಸುಮ್ಮನಾಗುತ್ತಿತ್ತು. "ಯಾರೋ ಹೆಂಗಸು ಬಂದ್ಲು, ಕಾಲಂ ಕಾಲಂ ಅಂತ ಏನೋ ಹೇಳ್ತಿದ್ಲು. ಧ್ವನಿ ಮೆತ್ತಗಿತ್ತು. ನಾನೇ ಅಂದೆ, ನೋಡು ಅಮ್ಮ, ಅಮ್ಮ ಬಂದ್ಲು, ಆ ಅನ್ನು ಅಂತ. ತಿಂತಿತ್ತು. ಇನ್ನೇನ್ ಮಾಡ್ಲಿ? ನಂಗೇನ್ ಗೊತ್ತಿತ್ತು?"

ನಾನು ಅಲ್ಲಿಂದ ನೇರ ಶ್ರೀಕಂಠಯ್ಯನವರ ಅಂಗಡಿಗೆ ಓಡಿದೆ. ಅವರು ನನ್ನ ಫಾರಂ ಹುಡುಕಿ ತೆಗೆದು, ಕನ್ನಡಕ ಹಾಕಿಕೊಂಡು, ಮತ್ತೆ ತೆಗೆದರು. "ಸೊನ್ನೆ ಯಾರಮ್ಮ ಹಾಕ್ತಾರೆ? ಇಷ್ಟು ವರ್ಷದಲ್ಲಿ ಒಬ್ರೂ ಹಾಕಿಲ್ಲ."

"ನಿಲ್ಸಿಬಿಡಿ ಸಾರ್. ದುಡ್ಡು ವಾಪಸ್ ಬೇಡ."

"ಹೊರಟ ಬೂಸ್ಟ್ ನಿಲ್ಲಲ್ಲ. ಇನ್ನಾರು ದಿನ ಇದೆ, ಓಡಿ ಮುಗೀಲಿ. ನಿಂತ್ರೂ ಏನ್ ಪ್ರಯೋಜನ? ಒಳಗೆ ಕೂತ ಮುಖ ತಾನಾಗಿ ಎದ್ದೋಗುತ್ತಾ?"

"ಮತ್ತೆ ಆ ತಾಯಿ?"

"ಹಲ್ಲು ಬರೋವರ್ಗೂ ಕಾಯ್ಬೇಕು. ಇಲ್ಲ ಅಂದ್ರೆ ಅವ್ರೂ ಬೂಸ್ಟ್ ಮಾಡಿಸ್ಬೇಕು" ಎಂದರು. ಚೀಟಿ ಬರೆಯುವ ವೈದ್ಯರ ಹಾಗೆ ಸಹಜವಾಗಿ ಹೇಳಿದರು. "ಆದ್ರೆ ಹುಷಾರು. ಹೊಸ ಮುಖ ನುಗ್ಗಿದಾಗ, ಹಿಂದಿನ ಏಳು ದಿನದಲ್ಲಿ ಯಾರನ್ನ ಎಲ್ಲರಿಗಿಂತ ಕಮ್ಮಿ ನೋಡಿರುತ್ತೋ ಅವರು ಜಾರ್ತಾರೆ. ನಿಮ್ಮನ್ನ ದಿನಕ್ಕೆ ಮೂರು ಸಲ ನೋಡ್ತಿದ್ರೆ ನೀವು ಹೋಗಲ್ಲ. ಅಪ್ಪ ಹೋಗ್ತಾನೆ."

ನನ್ನ ಬೂಸ್ಟ್ ತಲುಪಿದವರೆಂದು ಅವರು ತೋರಿಸಿದ ಪಟ್ಟಿಯಲ್ಲಿ ಎರಡು ವರ್ಷದೊಳಗಿನ ಮಕ್ಕಳು ಇನ್ನೂ ಹದಿಮೂರು ಇದ್ದವು. ಮರುದಿನ ಭಾನುವಾರವೆಲ್ಲ ಆ ಮಕ್ಕಳ ಮನೆಗಳಿಗೆ ಸುತ್ತಿದೆ. ಮಕ್ಕಳ ಕಣ್ಣಿಗೆ ಬೀಳದಂತೆ ಬಾಗಿಲಾಚೆ ನಿಂತೇ ವಿಚಾರಿಸಿದೆ. ಕೆಲವು ಮಕ್ಕಳಿಗೆ ಹಲ್ಲು ಜಾಸ್ತಿ ಇದ್ದವು, ಯಾರೋ ದೂರದ ಚಿಕ್ಕಪ್ಪ, ಬಾಡಿಗೆ ಕೇಳಲು ಬರುವ ಮನೆ ಯಜಮಾನ ಜಾರಿದ್ದರು. ಒಂದು ಮನೆಯಲ್ಲಿ ಮಾತ್ರ ತಂದೆಯೇ ಜಾರಿದ್ದ. ಅದನ್ನು ನಾನು ಹೇಳುವವರೆಗೂ ಆತನಿಗೆ ಗೊತ್ತಾಗಿರಲಿಲ್ಲ. "ಓ, ಅದಕ್ಕೇ ನೋಡಿ ಮೂರು ವಾರದಿಂದ ನನ್ ಗಡ್ಡ ಎಳೀತಿಲ್ಲ" ಎಂದ. ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡು, "ಇರ್ಲಿ ಬಿಡಿ, ಹಲ್ಲು ಬರುತ್ತೆ" ಎಂದು ಕ್ರಿಕೆಟ್ ನೋಡಲು ಒಳಗೆ ಹೋದ. ನಾನು ಅಲ್ಲೇ ಮೆಟ್ಟಿಲ ಮೇಲೆ ನಿಂತಿದ್ದೆ. ಯಾರನ್ನು ಕಂಡು ಹೆಚ್ಚು ಬೆಚ್ಚಿದೆನೋ ಹೇಳಲಾರೆ, ಅಷ್ಟು ಸಂಕಟಪಡುವ ದಾಕ್ಷಾಯಿಣಿಯನ್ನೋ ಒಂದು ಚೂರೂ ನೋಯದ ಈತನನ್ನೋ.

ಆ ರಾತ್ರಿ ಮಗು ಮಲಗಿದ ಮೇಲೆ ದಾಕ್ಷಾಯಿಣಿಯ ಮನೆಗೆ ಹೋಗಿ ಬೂಸ್ಟ್ ಮಾತು ತೆಗೆದಾಗ ಗೌರಮ್ಮ ಸಿಡಿದರು. "ಹೆತ್ತೋಳು ಮಗೂಗೆ ಕಾಣ್ಬೇಕು ಅಂದ್ರೆ ಜಾಹೀರಾತು ಹಾಕಿಸ್ಬೇಕಾ? ಸೋಪಾ ಇವ್ಳು, ಬೀಡಿನಾ? ಹಲ್ಲು ಬರ್ಲಿ, ತಾನೇ ಕಾಣ್ತಾಳೆ."

"ಯಾವಾಗ ಬರುತ್ತತ್ತೆ?" ಎಂದಳು ದಾಕ್ಷಾಯಿಣಿ. "ಒಸಡು ಮುಟ್ಟಿ ನೋಡ್ದೆ, ಏನೂ ಇಲ್ಲ. ಎರಡು ತಿಂಗ್ಳೋ ಮೂರೋ. ಅಷ್ಟರಲ್ಲಿ ನನ್ ಹಾಲು ಬತ್ತೋಗುತ್ತೆ. ಆಮೇಲೆ ನಾನು ಕಂಡ್ರೂ ಇವನಿಗೆ ಯಾರೋ ಹೊಸಬ್ಳು." ಗೌರಮ್ಮ ಎದ್ದು ತಮ್ಮ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರು.

ಮಾರನೆಯ ದಿನದಿಂದ ಏಳು ದಿನ ನಾನು ಆ ಮಗುವಿಗೆ ಕಾಣಬಾರದು ಎಂದು ತೀರ್ಮಾನವಾಯಿತು. ಧನುಷ್‌ನ ತಂದೆ ಪರಮೇಶಿ ಬಾಡಿಗೆಗೆ ಹೋಗುತ್ತಿದ್ದ ಲಗೇಜ್ ಆಟೋವನ್ನು ಮನೆಮುಂದೆ ನಿಲ್ಲಿಸಿ, ದಿನವಿಡೀ ಮಗನ ಎದುರು ಕುಳಿತ. ಅವನು ಮಾತು ಕಡಿಮೆಯ ಮನುಷ್ಯ. ಮೀಸೆ ಕುಣಿಸುವುದು, ನಾಲಗೆ ಚಾಚುವುದು, ತಲೆಗೆ ಚೊಂಬು ಹಾಕಿಕೊಳ್ಳುವುದು ಎಲ್ಲ ಮಾಡಿ ತೀರಿಸಿ, ಮಧ್ಯಾಹ್ನದ ಹೊತ್ತಿಗೆ ಸುಮ್ಮನೆ ಕೂತು ಮಗನನ್ನೇ ನೋಡುತ್ತಿದ್ದನಂತೆ. ಪಕ್ಕದ ಮನೆಯ ಸಿಂಚನಳೂ ಶಾಲೆ ಬಿಟ್ಟ ಕೂಡಲೇ ಬರುತ್ತಿದ್ದಳಂತೆ. ಇನ್ನೂ ಓಡುತ್ತಿದ್ದ ನನ್ನ ವಿಡಿಯೋ ಬಜಾರಿನ ಅಂಗಡಿಗಳ ಟಿವಿಯಲ್ಲೂ ಬರುತ್ತಿದ್ದರಿಂದ ಮಗುವನ್ನು ಆ ಕಡೆ ಕರೆದೊಯ್ಯಲೇ ಇಲ್ಲ.

ಆದರೆ ಮಗು ಉಣ್ಣಲಿಲ್ಲ. ಒಂಬತ್ತು ದಿನ, ಆಮೇಲೆ ಹನ್ನೊಂದು ದಿನ, ನನ್ನ ವಿಡಿಯೋ ಇಲ್ಲದೆ ಅದು ಬಾಯಿ ತೆರೆದದ್ದೇ ಇಲ್ಲವಂತೆ. ಅಪ್ಪ ಕೊಟ್ಟರೂ ಉಗುಳಿತು, ಅಜ್ಜಿ ಕೊಟ್ಟರೂ ಉಗುಳಿತು. ಮೂರನೆಯ ದಿನ ನಾನು ಕೆಲಸದಿಂದ ಬಂದು ಕಾಲು ತೊಳೆಯುತ್ತಿರುವಾಗ ಗೌರಮ್ಮನವರ ಧ್ವನಿ ಬೀದಿಯಲ್ಲಿ ಕೇಳಿತು. ಓಡಿ ಬಾಗಿಲು ಹಾಕಿಕೊಂಡೆ.

"ಕಲಾವತಿ, ತೆಗಿಯೇ ತಾಯಿ. ಒಂದು ತುತ್ತು ತಿನ್ಸಿ ಹೋಗ್ತೀನಿ. ಮಗೂ ಸೊರಗಿ ಕಡ್ಡಿ ಆಗಿದೆ. ಇವ್ಳ ಹಟಕ್ಕೆ ನನ್ ಮೊಮ್ಮಗನ್ನ ಸಾಯಿಸ್ಬೇಕಾ?"

"ತೆಗೆಯಲ್ಲಮ್ಮ."

"ಪಾಪ ಬರುತ್ತೆ ಕಣೇ."

ಪಾಪ ಯಾವ ಕಡೆಯಿಂದ ಬರುತ್ತದೆ ಎಂದು ನನಗೆ ತಿಳಿಯಲಿಲ್ಲ. ಮಗುವಿನ ಅಳು ಬಾಗಿಲಿನ ಹಲಗೆಗೇ ತಾಗುತ್ತಿತ್ತು. ಬೇರೇನೂ ತೋಚದೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತು, ವಿಡಿಯೋದಲ್ಲಿ ಹೇಳುವ ಹಾಗೆಯೇ ಹೇಳತೊಡಗಿದೆ. "ನಮಸ್ಕಾರ. ಮೊದಲನೇ ಕಾಲಂ ನೋಡಿ. ಇಲ್ಲಿ ನಿಮ್ಮ ಹೆಸರು. ದಪ್ಪಕ್ಷರದಲ್ಲಿ, ಒಂದು ಚೌಕಕ್ಕೆ ಒಂದೇ ಅಕ್ಷರ. ಅವಸರ ಬೇಡ." ಹೊರಗೆ ಅಳು ನಿಂತಿತು. "ಎರಡನೇ ಕಾಲಂ, ತಂದೆಯ ಅಥವಾ ಗಂಡನ ಹೆಸರು." ಗೌರಮ್ಮ ಪಿಸುಗುಟ್ಟಿದರು, "ತಿಂತಿದಾನೆ, ತಿಂತಿದಾನೆ, ನಿಲ್ಲಿಸ್ಬೇಡ." ಧ್ವನಿಗೆ ಯಾವ ಅಡ್ಡಿಯೂ ಇರಲಿಲ್ಲ, ಮುಖಕ್ಕೆ ಮಾತ್ರ. ಮನೆ ವಿಳಾಸ, ವಾರ್ಡು ನಂಬರು, ವಾರ್ಷಿಕ ವರಮಾನ ಎಲ್ಲ ದಾಟಿ ಅರ್ಜಿದಾರರ ಸಹಿ ಬರುವ ಹೊತ್ತಿಗೆ ಬಟ್ಟಲು ಖಾಲಿಯಾಗಿತ್ತು.

ಆಮೇಲೆ ದಿನಾ ಸಂಜೆ ಹಾಗೇ ನಡೆಯಿತು. ತಿಂದು ಮುಗಿಸಿದ ಮೇಲೆ ಧನುಷ್ ಬಾಗಿಲನ್ನು ಅಂಗೈಯಿಂದ ತಟ್ಟುತ್ತಿದ್ದ. ನನ್ನ ಬೆನ್ನಿಗೆ ಆ ತಟ್ಟು ಗೊತ್ತಾಗುತ್ತಿತ್ತು. ಐದನೆಯ ದಿನ, ಗೌರಮ್ಮ ಬಟ್ಟಲು ತೊಳೆಯಲು ನಲ್ಲಿಯ ಕಡೆ ಹೋದಾಗ, ನಾನು ಬಾಗಿಲ ಸಂದಿಗೆ ಒಂದು ಕಣ್ಣು ಇಟ್ಟೆ. ಒಂದು ಕಣ್ಣು ಮುಖವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ಅಲ್ಲೇ ಕೂತಿದ್ದ, ಗಲ್ಲಕ್ಕೆ ಅನ್ನ ಮೆತ್ತಿಕೊಂಡು. ನೇರ ನನ್ನ ಕಣ್ಣಿಗೆ ನೋಡಿ "ಮ್ಮಾ" ಎಂದ. ಬೆಂಕಿ ತಗುಲಿದಂತೆ ಹಿಂದಕ್ಕೆ ಸರಿದೆ. ನಾನು ಅಂಥದ್ದು ಮಾಡುವವಳು ಎಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಮುಚ್ಚಿಡಬಹುದಿತ್ತು. ಮುಚ್ಚಿಡಲಾಗಲಿಲ್ಲ. ಮರುದಿನ ಬೂಸ್ಟ್‌ಗೆ ತನ್ನ ವಿಡಿಯೋ ತೆಗೆಸಿಕೊಳ್ಳಲು ದಾಕ್ಷಾಯಿಣಿ ಹಿತ್ತಲ ಬಾಗಿಲಿನಿಂದ ನನ್ನ ಮನೆಗೆ ಬಂದಾಗ ಹೇಳಿಬಿಟ್ಟೆ. ಅವಳು ಮದುವೆ ಸೀರೆ ಉಟ್ಟು, ಹೂ ಮುಡಿದು ಬಂದಿದ್ದಳು. 

"ನಿಮ್ಮನ್ನ ನಾಲ್ಕು ಸಾವಿರ ಜನ ನೋಡ್ತಾರಲ್ಲಕ್ಕ" ಎಂದಳು. "ಕರೆಂಟ್ ಬಿಲ್ ಕಟ್ಟೋ ಸಾಲಲ್ಲಿ ಜಾಗ ಬಿಡ್ತಾರೆ, ನಮಸ್ಕಾರ ಹೊಡೀತಾರೆ. ನಂಗೆ ಅಷ್ಟು ಜನ ಬೇಡ. ಇವನೊಬ್ಬ ಸಾಕಿತ್ತು. ಆ ಒಂದೂ ನಿಮಗೇ ಬೇಕಾಯ್ತಾ?"

 "ಒಂದು ದಿನ ಹೆಚ್ಚಿಗೆ ಕಾಯೋಣ. ಏಳಲ್ಲ, ಎಂಟು" ಎಂದೆ.  ಅವಳು ಮೂಗು ಒರೆಸಿಕೊಂಡು ಸ್ಟೂಲಿನ ಮೇಲೆ ಕುಳಿತಳು.

ಕ್ಯಾಮೆರಾ ಹಿಡಿದೆ. ಅವಳು "ನಮಸ್ಕಾರ, ನಾನು ದಾಕ್ಷಾಯಿಣಿ" ಎಂದು ಶುರುಮಾಡಿ, ನಿಲ್ಲಿಸಿ, "ಮಗಂಗೆ ಯಾರಾದ್ರೂ ನಮಸ್ಕಾರ ಅಂತಾರಾ?" ಎಂದು ತಾನೇ ನಕ್ಕಳು. ಇನ್ನೊಂದು ಸಲ ಹಾಡಲು ಹೋಗಿ ಮರೆತಳು. ಮತ್ತೊಂದು ಸಲ ಅತ್ತಳು. ಅಳುವ ಮುಖ ಬೇಡವೆಂದು ನಾನೇ ಅಳಿಸಿದೆ. "ನಿಮಗೆ ಕಾಲಂ ಇದೆ. ನಂಗೇನಿದೆ ಹೇಳೋಕೆ?" ಎಂದು ಎದ್ದು ನೀರು ಕುಡಿಯಲು ಹೋದಳು. ಫೋನು ಓಡುತ್ತಲೇ ಇತ್ತು. ಅಷ್ಟರಲ್ಲಿ ಹಿಂದಿನ ಬೀದಿಯ ಅವರ ಮನೆಯಲ್ಲಿ ಧನುಷ್ ಎದ್ದು ಅಳುವುದು ಕೇಳಿಸಿತು. ಅವಳು ಲೋಟವನ್ನು ಬಾಯಿಂದ ತೆಗೆದು, ತಿರುಗಿ, "ಬಂದೆ ಬಂದೆ ಬಂದೆ, ಬಂದ್ನಪ್ಪಾ" ಎಂದಳು. ಗಲ್ಲದಿಂದ ನೀರು ಇಳಿಯುತ್ತಿತ್ತು. ಅದನ್ನೇ ಇಟ್ಟುಕೊಂಡೆವು.

ಫಾರಂ ನಾನು ತುಂಬಿದೆ. ವಯಸ್ಸು ಒಂದರಿಂದ ಒಂದು. ಬೀದಿ ಅವರದೊಂದೇ. ಎಷ್ಟು ಜನ ಎಂಬಲ್ಲಿ ಒಂದು.

"ಒಬ್ರಿಗೆ ಬೂಸ್ಟ್ ಮಾಡಲ್ಲಮ್ಮ" ಎಂದರು ಶ್ರೀಕಂಠಯ್ಯ. "ಕಮ್ಮಿ ಅಂದ್ರೂ ನೂರು."

ನೂರು ಮಕ್ಕಳು ಎಂದು ಕೇಳಿ ಫಾರಂ ಮತ್ತೆ ಅವರ ಕಡೆ ತಳ್ಳಿದೆ. "ಆ ಬೀದೀಲಿ ಒಂದು ವರ್ಷದ ಮಗು ಇನ್ನೊಂದಿಲ್ಲ ಸಾರ್. ಮನೆ ಮನೆ ಕೇಳ್ಕೊಂಡು ಬಂದಿದೀನಿ. ಎರಡು ಸಲ."

"ಹಂಗಾದ್ರೆ ನೂರು ಸಲವೂ ಅವನಿಗೇ ತೋರಿಸುತ್ತೆ." ಅವರು ಈ ಸಲ ಟೀ ಲೋಟ ಕೆಳಗಿಟ್ಟು, ಒಂದೊಂದೇ ಕಾಲಂ ಬೆರಳಿಟ್ಟು ಓದಿ, ಆಮೇಲೆ ಸೀಲು ಒತ್ತಿದರು.

ಎಂಟನೆಯ ದಿನ ಸೋಮವಾರ. ಕೆಲಸಕ್ಕೆ ರಜೆ ಹಾಕಿ, ಅವರ ಮನೆಯ ಹೊರಗೆ ನೀರಿನ ತೊಟ್ಟಿಯ ಹಿಂದೆ ನಿಂತಿದ್ದೆ. ಕಿಟಕಿಯಿಂದ ಒಳಗಿನದು ಕಾಣುತ್ತಿತ್ತು, ಮಗುವಿನ ಬೆನ್ನು ನನ್ನ ಕಡೆ. ಗೌರಮ್ಮ ಅಕ್ಕಿಯೊಳಗಿಂದ ಫೋನು ತೆಗೆದು, ಒರೆಸಿ, ಸ್ಟೀಲ್ ಡಬ್ಬಿಗೆ ಒರಗಿಸಿ ಇಟ್ಟರು. ಅದರ ಹಿಂದೆ ದಾಕ್ಷಾಯಿಣಿ ಮಂಡಿಯೂರಿ ಕುಳಿತಿದ್ದಳು, ಮದುವೆ ಸೀರೆಯಲ್ಲ, ದಿನದ ನೈಟಿಯಲ್ಲಿ. ಪರಮೇಶಿ ಗೋಡೆಗೆ ಅಂಟಿಕೊಂಡು ನಿಂತಿದ್ದ.  ಇವತ್ತು ಮಗನ ಕಣ್ಣಿನಿಂದ ಯಾರು ಜಾರುತ್ತಾರೆ ಎಂದು ಯಾರಿಗೂ ಖಾತ್ರಿಯಿರಲಿಲ್ಲ.

"ಬಂದೆ ಬಂದೆ ಬಂದೆ" ಎಂದಿತು ಫೋನು. ಧನುಷ್‌ನ ಕತ್ತು ನಿಗುರಿತು. ಮತ್ತೆ "ಬಂದೆ ಬಂದೆ". ಎಷ್ಟನೆಯ ಸಲವೋ ಗೊತ್ತಿಲ್ಲ, ಅವನು ಫೋನಿನಿಂದ ನಿಧಾನವಾಗಿ ತಲೆ ಎತ್ತಿದ. ಅದರ ಹಿಂದಿದ್ದ ಮುಖದ ಮೇಲೆ ಅವನ ನೋಟ ನಿಂತಿತು. ದಾಟಿ ಹೋಗಲಿಲ್ಲ.

ನಗುತ್ತಾನೆ ಎಂದುಕೊಂಡಿದ್ದೆ. ಅವನು ನಗಲಿಲ್ಲ. ತೆವಳಿಕೊಂಡು ಹೋಗಿ, ಅವಳ ನೈಟಿ ಹಿಡಿದು ಎದ್ದು ನಿಂತು, ಬಲಗೈ ಎತ್ತಿ ಅವಳ ಕೆನ್ನೆಗೆ ಪಟ್ಟೆಂದು ಹೊಡೆದ. ಮತ್ತೆ ಎಡಗೈ. ಮತ್ತೆ ಎರಡೂ ಕೈ. ಅಷ್ಟು ಸಣ್ಣ ಮೈಯಲ್ಲಿ ಅಷ್ಟು ಸಿಟ್ಟು ಎಲ್ಲಿತ್ತು ಎಂದು ನಾನು ತೊಟ್ಟಿಯ ಅಂಚು ಹಿಡಿದುಕೊಂಡೆ. ಇಪ್ಪತ್ತೆಂಟು ದಿನ ಎಲ್ಲಿ ಹೋಗಿದ್ದೆ ಎಂದು ಕೇಳಲು ಅವನಿಗೆ ಮಾತು ಬರುತ್ತಿರಲಿಲ್ಲ. "ಹೊಡಿ, ಇನ್ನೂ ಹೊಡಿ ನನ್ ರಾಜ" ಎನ್ನುತ್ತಾ ದಾಕ್ಷಾಯಿಣಿ ಮುಖವನ್ನು ಅವನಿಗೆ ಹತ್ತಿರ ಹಿಡಿದಳು. ಅವಳ ಮೂಗುಬೊಟ್ಟು ತಗುಲಿ ಅವನ ಬೆರಳಿಗೆ ಗೀರಾಯಿತು. ಆಗ ಅವನು ಗೊಳೋ ಎಂದು ಅತ್ತು ಅವಳ ಕತ್ತಿಗೆ ಬಿದ್ದ.

ಆಮೇಲೆ ಒಬ್ಬೊಬ್ಬರಾಗಿ ಪರೀಕ್ಷೆ. ಪರಮೇಶಿ ಮುಂದೆ ಬಂದು ಮೀಸೆ ಕುಣಿಸಿದ. ಧನುಷ್ ಬಿಕ್ಕುತ್ತಲೇ ಅವನ ಮೀಸೆಗೆ ಕೈ ಹಾಕಿದ. ಪರಮೇಶಿ "ಇದೀನಿ, ನಾನಿದೀನಿ" ಎಂದು ಬಾಗಿಲಾಚೆ ಬಂದು ನನ್ನ ಎದುರೇ ಕಣ್ಣು ಒರೆಸಿಕೊಂಡ. ಗೌರಮ್ಮ ಚಪ್ಪಾಳೆ ತಟ್ಟಿದರು, ನೋಡಿದ. ಸಿಂಚನ ಶಾಲೆಯ ಚೀಲದೊಂದಿಗೇ ಓಡಿ ಬಂದು ಜಡೆ ಅಲ್ಲಾಡಿಸಿದಳು, ಜಡೆ ಹಿಡಿದ.

"ನೀವೂ ಬನ್ನಿ ಅಕ್ಕ" ಎಂದಳು ದಾಕ್ಷಾಯಿಣಿ. ಅವಳ ಎರಡು ಕೆನ್ನೆಯೂ ಕೆಂಪಾಗಿದ್ದವು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

ಚಪ್ಪಲಿ ಬಿಟ್ಟು ಒಳಗೆ ಹೋದೆ. ಬಾಗಿಲಿನ ಬೆಳಕು ಮುಖಕ್ಕೆ ಬೀಳುವ ಕಡೆ ನಿಂತೆ. ಧನುಷ್‌ನ ಒದ್ದೆ ಕಣ್ಣು ನಾನಿದ್ದ ಕಡೆ ತಿರುಗಿ, ನನ್ನ ಹಿಂದಿದ್ದ ಗೋಡೆ ಗಡಿಯಾರದ ಲೋಲಕಕ್ಕೆ ಹೋಗಿ, ಅದರ ಜೊತೆ ಅತ್ತ ಇತ್ತ ಆಡಿತು. ಎಲ್ಲರೂ ಉಸಿರು ಬಿಟ್ಟರು. ಗೌರಮ್ಮ ಕೈ ಮುಗಿದರು, ಯಾರಿಗೋ ತಿಳಿಯಲಿಲ್ಲ.

"ಸರಿಯಾಗಿ ನೋಡಿ. ಗಡಿಯಾರ ಅಡ್ಡ ಬಂದಿರ್ಬಹುದು. ಇನ್ನೊಂದ್ಸಲ ನೋಡೋಣ" ಎಂದೆ.

ಇನ್ನೊಂದು ಸಲ ನೋಡಿದೆವು. ನಾನು ಗಡಿಯಾರವಿಲ್ಲದ ಗೋಡೆಯ ಮುಂದೆ ನಿಂತೆ. ಅವನು ಬರೀ ಗೋಡೆಯನ್ನು ನೋಡಿದ.

"ಯಾವುದಕ್ಕೂ ಹತ್ತಿರದಿಂದ ಒಂದ್ಸಲ ನೋಡಿಬಿಡೋಣ. ಖಾತ್ರಿ ಆಗ್ಲಿ" ಎಂದೆ. ನನ್ನ ಧ್ವನಿ ವಿಡಿಯೋದಲ್ಲಿ ಇರುವ ಹಾಗೆಯೇ ಮೆತ್ತಗಿತ್ತು, ಅವಸರವಿಲ್ಲದೆ ಇತ್ತು.  ನಾನೇನು ಕೇಳುತ್ತಿದ್ದೇನೆ ಎಂದು ಅವರೆಲ್ಲರಿಗೂ ನನಗಿಂತ ಮೊದಲೇ ತಿಳಿದಿತ್ತು. ಪರಮೇಶಿ ತಲೆ ತಗ್ಗಿಸಿ ನೆಲ ನೋಡಿದ.

"ಆಯ್ತಲ್ಲಕ್ಕ" ಎಂದಳು ದಾಕ್ಷಾಯಿಣಿ, ಬಹಳ ಮೆಲ್ಲಗೆ. ಮಗುವನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಿಸಿಕೊಂಡು, ಅವನ ಬೆನ್ನು ನನ್ನ ಕಡೆ ಬರುವ ಹಾಗೆ ತಿರುಗಿ ನಿಂತಳು.